ಡಾಕ್ಟರಿಗೆ ಹೇಳಿದ ಗುಟ್ಟು ಎಲ್ಲಿಯವರೆಗೆ ಗುಟ್ಟು?

‘ಡಾಕ್ಟರ್ ಹತ್ತಿರ, ಲಾಯರ್ ಹತ್ತಿರ ಸುಳ್ಳು ಹೇಳಬಾರದು’ ಅಂತ ನಮ್ಮ ಹಿರಿಯರು ಹೇಳುತ್ತಲೇ ಇರುತ್ತಾರೆ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುವ ಮಾತು ಇದು. ಆದರೆ ಕಾನೂನು ಇವರಿಬ್ಬರನ್ನು ಒಂದೇ ತಕ್ಕಡಿಗೆ ಹಾಕಿಲ್ಲ. ನೀವು ಲಾಯರಿಗೆ ಹೇಳಿದ್ದನ್ನು, ನಿಮ್ಮ ಒಪ್ಪಿಗೆ ಇಲ್ಲದೆ ಅವರು ಕೋರ್ಟಿನಲ್ಲೂ ಬಾಯಿ ಬಿಡುವಂತಿಲ್ಲ. ಅಪರಾಧ ಮಾಡಲು ನೆರವು ಕೇಳಿದ್ದರೆ ಬೇರೆ ಮಾತು. 1872ರ ಸಾಕ್ಷ್ಯ ಕಾಯ್ದೆಯಲ್ಲೇ ಈ ರಕ್ಷಣೆ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್‌ನಲ್ಲೂ ಇದೆ. ಗಂಡ ಹೆಂಡತಿ ನಡುವಿನ ಮಾತಿಗೂ ಬೇರೆ ರಕ್ಷಣೆ ಇದೆ. ಡಾಕ್ಟರಿಗೆ ಹೇಳಿದ ಮಾತಿಗೆ ಅಂಥ ರಕ್ಷಣೆ ಇಲ್ಲ. ನ್ಯಾಯಾಧೀಶರು ಆದೇಶ ಮಾಡಿದರೆ ಡಾಕ್ಟರ್ ಹೇಳಲೇಬೇಕು.

ಹೆದರಿಸಲು ಇದನ್ನು ಬರೆಯುತ್ತಿಲ್ಲ. ರೋಗಿಯ ಗುಟ್ಟು ಕಾಯುವುದು ಡಾಕ್ಟರಿಕೆಯ ಬುಡ. ಅದು ಅಲುಗಿದರೆ ಜನ ಆಸ್ಪತ್ರೆಗೇ ಬರುವುದಿಲ್ಲ. ಬಂದರೂ ಅರ್ಧ ಹೇಳಿ ಅರ್ಧ ನುಂಗಿಕೊಳ್ಳುತ್ತಾರೆ. ದಿನಾ ಕುಡಿಯುವವನು ಅದನ್ನು ಮುಚ್ಚಿಟ್ಟು ಆಪರೇಷನ್ ಟೇಬಲ್ ಹತ್ತಿದರೆ ಏನಾಗಬಹುದು ಅಂತ ಅರಿವಳಿಕೆ ಕೊಡುವ ಯಾವ ಡಾಕ್ಟರನ್ನಾದರೂ ಕೇಳಿ ನೋಡಿ. ಆದರೂ ಕೆಲವೊಮ್ಮೆ ಗುಟ್ಟು ಒಡೆಯಲೇಬೇಕಾಗುತ್ತದೆ. ಇನ್ನೊಬ್ಬರ ಜೀವ ಉಳಿಸಲು, ರೋಗ ಹರಡದಂತೆ ತಡೆಯಲು, ಒಂದು ಮಗುವನ್ನು ಕಾಪಾಡಲು. ಇದಕ್ಕೆ ನನ್ನ ತಕರಾರಿಲ್ಲ.

ನನ್ನ ತಕರಾರು ಬೇರೆ. ಹೇಳಬೇಕಾ ಬೇಡವಾ ಅಂತಷ್ಟೇ ನಾವು ವಾದ ಮಾಡುತ್ತೇವೆ. ಹೇಳುವುದಾದರೆ ಯಾರಿಗೆ, ಎಷ್ಟು, ರೋಗಿಗೆ ಮೊದಲು ತಿಳಿಸಿಯೋ ತಿಳಿಸದೆಯೋ ಅನ್ನುವುದನ್ನು ಕೇಳುವುದೇ ಇಲ್ಲ. ಗುಟ್ಟು ಒಡೆಯುವುದಕ್ಕೂ ಒಂದು ಕ್ರಮ ಬೇಕು. ನಮ್ಮ ಒಂದೆರಡು ಕಾನೂನುಗಳಲ್ಲಿ ಆ ಕ್ರಮ ಚೆನ್ನಾಗಿಯೇ ಇದೆ. ಉಳಿದ ಕಡೆ ಇಲ್ಲ. ನಮ್ಮ ಆಸ್ಪತ್ರೆಗಳ ರೂಢಿಯಲ್ಲಂತೂ ಅದರ ಸುಳಿವೇ ಇಲ್ಲ.

ರೂಢಿಯಿಂದಲೇ ಶುರು ಮಾಡೋಣ. ಯಾವುದಾದರೂ ತಾಲ್ಲೂಕು ಆಸ್ಪತ್ರೆಗೆ ಸೋಮವಾರ ಬೆಳಿಗ್ಗೆ ಹೋಗಿ. ಡಾಕ್ಟರ ಮೇಜಿನ ಸುತ್ತ ಚೀಟಿ ಹಿಡಿದು ಆರೇಳು ಜನ ನಿಂತಿರುತ್ತಾರೆ. ಸ್ಟೂಲ್ ಮೇಲೆ ಕೂತವಳು ಒಬ್ಬಳು ಹೆಂಗಸು. ಅವಳ ಹೆಗಲಿಗೆ ಹಿಂದಿನವರ ಬ್ಯಾಗು ತಾಗುತ್ತಿರುತ್ತದೆ. ‘ಮುಟ್ಟು ನಿಂತು ಎಷ್ಟು ದಿನ ಆಯ್ತು?’ ಅಂತ ಡಾಕ್ಟರ್ ಕೇಳುತ್ತಾರೆ. ಗದ್ದಲದಲ್ಲಿ ಕೇಳಿಸಲಿ ಅಂತ ಸ್ವಲ್ಪ ಜೋರಾಗಿಯೇ ಕೇಳುತ್ತಾರೆ. ಅವಳು ಮೆಲ್ಲಗೆ ಏನೋ ಹೇಳುತ್ತಾಳೆ. ‘ಎಷ್ಟು?’ ಅಂತ ಇನ್ನೊಮ್ಮೆ. ಆಗ ಹಿಂದೆ ನಿಂತವರೆಲ್ಲ ಸುಮ್ಮನಾಗುತ್ತಾರೆ. ಉತ್ತರ ಎಲ್ಲರಿಗೂ ಬೇಕು. ಅವರಲ್ಲಿ ಒಬ್ಬರು ಅವಳ ಊರಿನವರೇ ಆಗಿರುತ್ತಾರೆ.

ಇಲ್ಲಿ ಯಾರೂ ಕೆಟ್ಟವರಲ್ಲ. ಒಂದೇ ಬೆಳಿಗ್ಗೆ ನೂರಾರು ಜನರನ್ನು ನೋಡಬೇಕಾದ ಡಾಕ್ಟರಿಗೆ ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಳ್ಳುವಷ್ಟು ಪುರುಸೊತ್ತಿಲ್ಲ. ಆದರೆ ಗುಟ್ಟಿನ ಮಿತಿಯ ಬಗ್ಗೆ ಸುಪ್ರೀಂ ಕೋರ್ಟ್ ಏನು ಹೇಳಿದೆ ಅಂತ ನೋಡುವ ಮೊದಲು ಈ ಸ್ಟೂಲನ್ನು ನೋಡಬೇಕು. ಬಹಳಷ್ಟು ರೋಗಿಗಳ ಗುಟ್ಟು ಯಾವ ಕಾನೂನಿಗೂ ಕಾಯದೆ ಇಲ್ಲೇ ಮುಗಿದಿರುತ್ತದೆ.

ಗುಟ್ಟು ಕಾಯಬೇಕು ಅನ್ನುವ ನಿಯಮವೇನೂ ಹೊಸದಲ್ಲ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಗುರು ಶಿಷ್ಯನಿಗೆ ಹೇಳುವ ಬುದ್ಧಿಮಾತಿನಲ್ಲಿ ಇದೂ ಒಂದು. ರೋಗಿಯ ಮನೆಯೊಳಗಿನ ಸಂಗತಿಯನ್ನು ಹೊರಗೆ ಹೇಳಬೇಡ ಅನ್ನುತ್ತದೆ ಅದು. ಗ್ರೀಕರ ಹಿಪ್ಪೊಕ್ರೆಟಿಸ್ ಪ್ರತಿಜ್ಞೆಯಲ್ಲೂ ಇದೇ ಇದೆ. ಇವತ್ತು ನಮ್ಮ ಡಾಕ್ಟರುಗಳನ್ನು ಕಟ್ಟಿಹಾಕುವುದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡತೆ ನಿಯಮಗಳು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ತಂದಿತು. ಮೂರೇ ವಾರದಲ್ಲಿ ಅದನ್ನು ತಡೆಹಿಡಿದು ಹಳೆಯದನ್ನೇ ಮತ್ತೆ ಜಾರಿಗೆ ತಂದಿತು. 2002ರ ನಿಯಮದ ಪ್ರಕಾರ ರೋಗಿಯ ಗುಟ್ಟನ್ನು ಮೂರೇ ಸಂದರ್ಭದಲ್ಲಿ ಹೇಳಬಹುದು. ಕೋರ್ಟಿನಲ್ಲಿ ನ್ಯಾಯಾಧೀಶರ ಆದೇಶ ಇದ್ದಾಗ. ಒಬ್ಬ ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯ ಕಣ್ಣಿಗೆ ಕಾಣುತ್ತಿದ್ದಾಗ. ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಇದ್ದಾಗ.

ಓದಲು ಸರಳವಾಗಿದೆ. ಆದರೆ ಎರಡನೆಯದನ್ನು ಒಮ್ಮೆ ನಿಜ ಜೀವನಕ್ಕೆ ತಂದು ನೋಡಿ. ಬಸ್ ಡ್ರೈವರ್ ಒಬ್ಬರು ನರರೋಗದ ಡಾಕ್ಟರ ಹತ್ತಿರ ಬರುತ್ತಾರೆ. ಆರು ತಿಂಗಳಲ್ಲಿ ಎರಡು ಸಲ ಫಿಟ್ಸ್ ಬಂದಿದೆ. ಲೈಸೆನ್ಸಿಗೆ ಅರ್ಜಿ ಹಾಕುವಾಗ ಮೂರ್ಛೆ ರೋಗ ಇದೆಯಾ ಅಂತ ಕೇಳುವ ಫಾರಂ 1 ಇದೆ. ಆದರೆ ಅದನ್ನು ತುಂಬುವವರು ಅವರೇ. ‘ಸಾರ್, ಕೆಲಸ ಹೋದ್ರೆ ಮನೆ ನಡೆಯಲ್ಲ. ಮಗಳ ಮದುವೆ ಇದೆ’ ಅನ್ನುತ್ತಾರೆ. ಬಸ್ಸಿನಲ್ಲಿ ಐವತ್ತು ಜನ ಇರುತ್ತಾರೆ. ಡಾಕ್ಟರ್ ಡಿಪೋಗೆ ಫೋನ್ ಮಾಡಬಹುದಾ? ಈ ನಿಯಮದಡಿ ಮಾಡಬಹುದು. ಮಾಡಲೇಬೇಕಾ? ಹಾಗಂತ ನಿಯಮ ಹೇಳುವುದಿಲ್ಲ. ಡಿಪೋ ಮ್ಯಾನೇಜರಿಗೆ ಕಾಯಿಲೆಯ ಹೆಸರು ಹೇಳಬೇಕಾ, ‘ಇವರು ಗಾಡಿ ಓಡಿಸುವ ಹಾಗಿಲ್ಲ’ ಅಂದರೆ ಸಾಕಾ? ಅದರ ಬಗ್ಗೆ ಒಂದು ಮಾತೂ ಇಲ್ಲ. ಎಲ್ಲ ಡಾಕ್ಟರ ವಿವೇಚನೆಗೆ ಬಿಟ್ಟದ್ದು. ವಿವೇಚನೆ ಇರುವ ಡಾಕ್ಟರ್ ಮೊದಲು ಡ್ರೈವರ ಜೊತೆಗೇ ಕೂತು ಮಾತಾಡುತ್ತಾರೆ. ‘ನೀವೇ ಹೋಗಿ ಹೇಳಿ, ಬೇರೆ ಕೆಲಸ ಕೇಳಿ, ನಾನು ಸರ್ಟಿಫಿಕೇಟ್ ಕೊಡುತ್ತೇನೆ’ ಅನ್ನುತ್ತಾರೆ. ‘ಇಷ್ಟು ದಿನ ಸಮಯ ಕೊಡುತ್ತೇನೆ, ಆಮೇಲೆ ನಾನೇ ಹೇಳಬೇಕಾಗುತ್ತದೆ’ ಅಂತಲೂ ಹೇಳಿಬಿಡುತ್ತಾರೆ. ಅಷ್ಟು ದಿನ ಸ್ಟಿಯರಿಂಗ್ ಮುಟ್ಟುವುದಿಲ್ಲ ಅಂತ ಮಾತು ತೆಗೆದುಕೊಳ್ಳುತ್ತಾರೆ. ನನ್ನ ಪ್ರಕಾರ ಸರಿಯಾದ ಕ್ರಮ ಇದೇ. ಇದು ಎಲ್ಲೂ ಬರೆದಿಲ್ಲ ಅನ್ನುವುದೇ ಸಮಸ್ಯೆ.

ಬರೆದಿರುವ ಒಂದು ಕಡೆ ಇದೆ. ಅಲ್ಲಿಗೆ ಬರಲು ನಮಗೆ ಇಪ್ಪತ್ತು ವರ್ಷ ಹಿಡಿಯಿತು.

1995ರಲ್ಲಿ ಈಶಾನ್ಯ ಭಾರತದ ಒಬ್ಬ ಡಾಕ್ಟರ್ ಆಗಿನ ಮದ್ರಾಸಿನ ಆಸ್ಪತ್ರೆಯೊಂದರಲ್ಲಿ ರಕ್ತ ಕೊಟ್ಟರು. ಪರೀಕ್ಷೆ ಮಾಡಿದಾಗ ಎಚ್‌ಐವಿ ಇರುವುದು ಗೊತ್ತಾಯಿತು. ಅವರ ಮದುವೆ ಆ ವರ್ಷದ ಡಿಸೆಂಬರ್‌ಗೆ ಗೊತ್ತಾಗಿತ್ತು. ಸುದ್ದಿ ಹೊರಬಿತ್ತು, ಮದುವೆ ಮುರಿಯಿತು. ಮನೆಯವರು, ಊರವರು, ಸಮುದಾಯದವರು ಎಲ್ಲರಿಗೂ ವಿಷಯ ಹೋಯಿತು. ಅವರು ಊರನ್ನೇ ಬಿಡಬೇಕಾಯಿತು. ‘ಆಸ್ಪತ್ರೆ ನನ್ನ ಗುಟ್ಟು ಕಾಯಲಿಲ್ಲ’ ಅಂತ ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1998ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು. ಕಾನೂನು ಓದುವವರು ಅದನ್ನು ‘ಮಿಸ್ಟರ್ ಎಕ್ಸ್ ವರ್ಸಸ್ ಹಾಸ್ಪಿಟಲ್ ಝಡ್’ ಅಂತ ಕರೆಯುತ್ತಾರೆ. ರೋಗಿಯ ಗುಟ್ಟಿನ ಹಕ್ಕು ಇದೆ, ಆದರೆ ಮದುವೆಯಾಗುವ ಹುಡುಗಿಯ ಆರೋಗ್ಯದ ಹಕ್ಕು ಅದಕ್ಕಿಂತ ಮೇಲು ಅಂತ ಕೋರ್ಟ್ ಹೇಳಿತು. ಜೊತೆಗೆ, ಇಂಥವರ ಮದುವೆಯ ಹಕ್ಕನ್ನೇ ತಡೆಹಿಡಿಯುವಂಥ ಮಾತನ್ನೂ ಆಡಿತು. 2002ರ ಡಿಸೆಂಬರ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಮದುವೆ ಬಗ್ಗೆ ಆಡಿದ ಆ ಮಾತುಗಳು ಆ ಕೇಸಿಗೆ ಬೇಕಿರಲಿಲ್ಲ ಅಂದಿತು.

ಹುಡುಗಿಗೆ ಗೊತ್ತಾಗಬೇಕಿತ್ತು, ಅದನ್ನು ನಾನು ಒಪ್ಪುತ್ತೇನೆ. ನಮ್ಮ ಮನೆಯ ಹುಡುಗಿಯೇ ಆಗಿದ್ದರೆ? ಅಂತ ಕೇಳಿಕೊಂಡರೆ ಬೇರೆ ಉತ್ತರ ಬರುವುದಿಲ್ಲ. ಆದರೆ ಒಬ್ಬಳಿಗೆ ಗೊತ್ತಾಗಬೇಕಾದ ವಿಷಯ ಒಂದು ಊರಿಗೇ ಯಾಕೆ ಗೊತ್ತಾಯಿತು? ಅವಳನ್ನು ಕಾಪಾಡಲು ಅವಳ ಕಿವಿಗೆ ಬಿದ್ದರೆ ಸಾಕಿತ್ತು. ಆ ತೀರ್ಪು ಹೇಳಬಹುದು ಅಂದಿತು. ಹೇಗೆ ಹೇಳಬೇಕು ಅಂತ ಬಿಡಿಸಿ ಹೇಳಲಿಲ್ಲ.

ಆ ಕೆಲಸ ಮಾಡಿದ್ದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ಅದರ 9ನೇ ಸೆಕ್ಷನ್ ಅನ್ನು ಪ್ರತಿ ಡಾಕ್ಟರೂ ಓದಬೇಕು ಅಂತ ನನಗೆ ಅನಿಸುತ್ತದೆ, ಎಚ್‌ಐವಿ ರೋಗಿಗಳನ್ನು ನೋಡದವರೂ ಕೂಡ. ಅದು ಹೀಗೆ ಹೇಳುತ್ತದೆ. ಸಂಗಾತಿಗೆ ಸೋಂಕು ತಗಲುವ ದೊಡ್ಡ ಅಪಾಯ ಇದೆ ಅಂತ ಡಾಕ್ಟರಿಗೋ ಆಪ್ತಸಮಾಲೋಚಕರಿಗೋ ಅನಿಸಬೇಕು. ಮೊದಲು ರೋಗಿಗೆ ತಿಳಿಹೇಳಬೇಕು, ನೀನೇ ಹೇಳು ಅಂತ. ಅವರು ಹೇಳುವುದಿಲ್ಲ ಅಂತ ಖಾತ್ರಿಯಾಗಬೇಕು. ‘ಹಾಗಾದರೆ ನಾನೇ ಹೇಳುತ್ತೇನೆ’ ಅಂತ ರೋಗಿಗೆ ಮುಂಚೆಯೇ ತಿಳಿಸಬೇಕು. ಆಮೇಲೆ ಸಂಗಾತಿಗೆ ಮಾತ್ರ, ಎದುರಿಗೆ ಕೂರಿಸಿಕೊಂಡು, ಧೈರ್ಯ ತುಂಬಿ ಹೇಳಬೇಕು. ಫೋನಿನಲ್ಲಿ ಅಲ್ಲ, ಅತ್ತೆಯ ಮೂಲಕ ಅಲ್ಲ.

ಇನ್ನೊಂದು ಮಾತು ಇದೆ, ಅದು ನನಗೆ ಬಹಳ ಮುಖ್ಯ. ಸೋಂಕು ಇರುವುದು ಹೆಂಗಸಿಗಾಗಿದ್ದು, ಗಂಡನಿಗೆ ಹೇಳಿದರೆ ಹೊಡೆತ ಬೀಳಬಹುದು, ಮನೆಯಿಂದ ಹೊರಗೆ ಹಾಕಬಹುದು ಅನ್ನುವ ಭಯಕ್ಕೆ ಆಧಾರ ಇದ್ದರೆ, ಹೇಳಬಾರದು. ನಮ್ಮಲ್ಲಿ ಬಸುರಿಯರಿಗೆ ಎಚ್‌ಐವಿ ಪರೀಕ್ಷೆ ಎಲ್ಲ ಕಡೆ ಮಾಡುತ್ತಾರೆ. ಗಂಡಸರು ತಾವಾಗಿ ಬಂದು ಮಾಡಿಸುವುದು ಕಡಿಮೆ. ಹಾಗಾಗಿ ಮನೆಯಲ್ಲಿ ಮೊದಲು ಗೊತ್ತಾಗುವುದು ಎಷ್ಟೋ ಸಲ ಅವಳದೇ. ಸೋಂಕು ಬಂದಿದ್ದು ಗಂಡನಿಂದಲೇ ಆಗಿದ್ದರೂ ‘ತಂದವಳು’ ಅನ್ನುವ ಹೆಸರು ಅವಳಿಗೆ ಅಂಟುತ್ತದೆ. ಇದು ಗೊತ್ತಿದ್ದವರು ಬರೆದ ಕಾನೂನು ಅದು.

ಕಾಗದದ ಮೇಲೆ ಇಷ್ಟು ಚೆನ್ನಾಗಿದೆ. ಆದರೂ ಪಕ್ಕದ ಜಿಲ್ಲೆಯ ಎಆರ್‌ಟಿ ಸೆಂಟರಿಗೆ, ಅಂದರೆ ಎಚ್‌ಐವಿ ಔಷಧಿ ಕೊಡುವ ಕೇಂದ್ರಕ್ಕೆ, ಬಸ್ಸಿನಲ್ಲಿ ಹೋಗಿ ತಿಂಗಳ ಮಾತ್ರೆ ತರುವವರು ಇವತ್ತೂ ಇದ್ದಾರೆ. ತಮ್ಮೂರಿನ ಸೆಂಟರಿನ ಬೆಂಚಿನ ಮೇಲೆ ಕೂತರೆ ಸಾಕು, ಯಾರಾದರೂ ನೋಡುತ್ತಾರೆ. ಗುಟ್ಟು ರಟ್ಟಾಗಲು ಡಾಕ್ಟರ್ ಬಾಯಿ ಬಿಡಬೇಕಾಗಿಯೇ ಇಲ್ಲ. ಕೋರ್ಟಿನ ಕೇಸಿನಲ್ಲಿ ತಿಳಿದ ಎಚ್‌ಐವಿ ಗುಟ್ಟನ್ನು ಒಡೆದವರಿಗೆ ಈ ಕಾಯ್ದೆಯಡಿ ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಬೆಂಚಿಗೆ ದಂಡ ಹಾಕುವುದು ಹೇಗೆ?

ಈಗ ಇದಕ್ಕೆ ಪೂರ್ತಿ ಎದುರು ದಿಕ್ಕಿನ ಕಾನೂನು ನೋಡೋಣ. 2012ರ ಪೋಕ್ಸೊ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಂತ ಗೊತ್ತಾದರೆ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. 19ನೇ ಸೆಕ್ಷನ್ ಹೇಳುವುದು ಅದನ್ನೇ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಡಾಕ್ಟರಿಗೂ ಬಿಡುಗಡೆ ಇಲ್ಲ. ಮನೆಯವರೇ ಮಗುವನ್ನು ಹಾಳು ಮಾಡಿ ಮನೆಯವರೇ ಬಾಯಿ ಮುಚ್ಚಿಸುವ ಕಡೆ ಈ ಕಾನೂನು ಬೇಕೇ ಬೇಕು. ಹೊಟ್ಟೆನೋವು ಅಂತ ಕರೆತಂದ ಮಗುವಿನ ಮೈಮೇಲಿನ ಗಾಯ ನೋಡಿ ಡಾಕ್ಟರ್ ಫೋನ್ ಎತ್ತಿದ್ದರಿಂದಲೇ ಉಳಿಯುವ ಮಕ್ಕಳಿದ್ದಾರೆ. ಅಲ್ಲಿ ಗುಟ್ಟು ಅನ್ನುವ ಮಾತೇ ಬರಬಾರದು.

ಆದರೆ ಹೆರಿಗೆ ವಾರ್ಡಿಗೆ ಬರುವ ಕೇಸುಗಳೆಲ್ಲ ಹಾಗಿರುವುದಿಲ್ಲ. ಹದಿನಾರಕ್ಕೇ ಮದುವೆ ಮಾಡಿರುತ್ತಾರೆ, ಹದಿನೇಳಕ್ಕೆ ಬಸುರಿ. ಇಲ್ಲವೇ ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗ, ಇಬ್ಬರೂ ಇಷ್ಟಪಟ್ಟವರು. ಕಾನೂನಿನ ಕಣ್ಣಿಗೆ ಎರಡೂ ಅಪರಾಧವೇ. ಡಾಕ್ಟರ್ ತಿಳಿಸಿದರೆ ಗಂಡನೋ ಹುಡುಗನೋ ಜೈಲಿಗೆ ಹೋಗುತ್ತಾನೆ. ಬಾಲ್ಯವಿವಾಹ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಸುದ್ದಿ ಊರಿಗೆ ಹೋದ ಮೇಲೆ ಏನಾಗುತ್ತದೆ ನೋಡಿ. ಮುಂದಿನ ಹುಡುಗಿಯನ್ನು ಆಸ್ಪತ್ರೆಗೆ ಕರೆತರುವುದಿಲ್ಲ. ತಾಯಿ ಕಾರ್ಡಿನಲ್ಲಿ ವಯಸ್ಸು ಹತ್ತೊಂಬತ್ತು ಅಂತ ಬರೆಸಲು ನೋಡುತ್ತಾರೆ. ಆಧಾರ್ ಕೇಳಿದರೆ ‘ಮನೇಲಿ ಮರೆತು ಬಂದ್ವಿ’ ಅನ್ನುತ್ತಾರೆ. ರಕ್ತ ಕಡಿಮೆ ಇರುವ, ಬಿಪಿ ಏರಿರುವ, ಇನ್ನೂ ಮೈ ಬಲಿಯದ ಹುಡುಗಿ. ಆಸ್ಪತ್ರೆ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ಅವಳಿಗೇ. ಕಾಪಾಡಲು ಮಾಡಿದ ನಿಯಮ ಅವಳನ್ನೇ ದೂರ ತಳ್ಳುತ್ತದೆ.

ಇದು ನ್ಯಾಯಾಲಯಗಳಿಗೂ ಕಂಡಿದೆ. ಇಷ್ಟಪಟ್ಟು ಜೊತೆಯಾದ ಹದಿಹರೆಯದವರ ಕೇಸುಗಳನ್ನು ನೋಡಿ ನೋಡಿ, 2022ರ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠವೇ, ವಯಸ್ಸಿನ ಮಿತಿಯ ಬಗ್ಗೆ ಕಾನೂನು ಆಯೋಗ ಮತ್ತೆ ಯೋಚಿಸಬೇಕು ಅಂದಿತು. ಆಯೋಗ ಯೋಚಿಸಿತು. 2023ರ ತನ್ನ 283ನೇ ವರದಿಯಲ್ಲಿ ಹದಿನೆಂಟನ್ನು ಇಳಿಸುವುದು ಬೇಡ ಅಂತ ಹೇಳಿತು. ಆ ವಾದ ಇನ್ನೂ ಮುಗಿದಿಲ್ಲ, ಮುಗಿಯುವ ಹಾಗೂ ಕಾಣುತ್ತಿಲ್ಲ.

ಆದರೆ ಡಾಕ್ಟರ ಮಟ್ಟಿಗೆ ಒಂದು ದಾರಿ ತೆರೆದಿದೆ. 2022ರ ಸೆಪ್ಟೆಂಬರ್ 29ರಂದು ಗರ್ಭಪಾತದ ಹಕ್ಕಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯವಾದ ಮಾತು ಹೇಳಿತು. ಇಷ್ಟಪಟ್ಟು ಜೊತೆಯಾಗಿ ಬಸುರಾದ ಅಪ್ರಾಪ್ತ ಹುಡುಗಿ ಗರ್ಭಪಾತಕ್ಕೆ ಬಂದಾಗ ಡಾಕ್ಟರ್ ಪೊಲೀಸರಿಗೆ ತಿಳಿಸಬೇಕು, ಸರಿ. ಆದರೆ ಹುಡುಗಿ ಮತ್ತು ಅವಳ ಪೋಷಕರು ಕೇಳಿಕೊಂಡರೆ ಅವಳ ಹೆಸರು, ಗುರುತು ಕೊಡಬೇಕಾಗಿಲ್ಲ. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠದ ತೀರ್ಪು ಅದು. ಹೆಸರು ಹೊರಗೆ ಬರುತ್ತದೆ ಅನ್ನುವ ಭಯದಿಂದ ಹುಡುಗಿಯರು ಎಲ್ಲೋ ನಕಲಿ ಡಾಕ್ಟರ ಕೈಗೆ ಸಿಗಬಾರದು ಅನ್ನುವುದು ಅದರ ಹಿಂದಿನ ಕಾಳಜಿ. ನೋಡಿ, ಇಲ್ಲಿ ‘ಹೇಳಬೇಕಾ ಬೇಡವಾ’ ಅನ್ನುವ ಪ್ರಶ್ನೆಯನ್ನು ‘ಎಷ್ಟು ಹೇಳಬೇಕು’ ಅನ್ನುವ ಪ್ರಶ್ನೆಯಾಗಿ ಬದಲಿಸಿದ್ದಾರೆ. ನಾನು ಹೇಳುತ್ತಿರುವ ಕ್ರಮ ಇಂಥದ್ದೇ. ಆದರೆ ಇದು ಠಾಣೆಯ ಮಟ್ಟಕ್ಕೆ ಇಳಿಯಬೇಕು. ಹೆಸರಿಲ್ಲದ ವರದಿ ನೋಡಿದ ಕೂಡಲೇ ಆಸ್ಪತ್ರೆಗೆ ಬಂದು ರಿಜಿಸ್ಟರ್ ತೆಗೆಸಿದರೆ ತೀರ್ಪು ಇದ್ದೂ ಇಲ್ಲದ ಹಾಗೆ.

ಪ್ರಾಪ್ತ ವಯಸ್ಸಿನವರ ಪಾಡೂ ಅಷ್ಟಕ್ಕಷ್ಟೆ. ಗರ್ಭಪಾತ ಕಾಯ್ದೆಯಡಿ ಹದಿನೆಂಟು ತುಂಬಿದ ಹೆಂಗಸಿನ ಒಪ್ಪಿಗೆ ಒಂದೇ ಸಾಕು. ಗಂಡನ ಸಹಿ ಬೇಡ. 2021ರ ತಿದ್ದುಪಡಿಯ ನಂತರ ಅವಳ ಹೆಸರು ಹೊರಗೆ ಬಿಟ್ಟುಕೊಟ್ಟರೆ ಡಾಕ್ಟರಿಗೆ ಒಂದು ವರ್ಷದವರೆಗೆ ಜೈಲೂ ಆಗಬಹುದು. ಆದರೂ ‘ಯಜಮಾನರನ್ನ ಕರ್ಕೊಂಡು ಬಾಮ್ಮ’ ಅನ್ನುವ ಮಾತು ಕೇಳದ ಹೆಂಗಸರು ಎಷ್ಟು ಜನ ಇದ್ದಾರು?

ವಿಷ ಕುಡಿದು ಬಂದವರ ಕಥೆ ಇನ್ನೊಂದು. ಕ್ರಿಮಿನಾಶಕ ಕುಡಿದವರು ಆಸ್ಪತ್ರೆಗೆ ಬಂದ ಕೂಡಲೇ ಎಂಎಲ್‌ಸಿ ಮಾಡುತ್ತಾರೆ, ಅಂದರೆ ಪೊಲೀಸರಿಗೆ ಚೀಟಿ ಹೋಗುತ್ತದೆ. ಹಿಂದೆ ಆತ್ಮಹತ್ಯೆಗೆ ಪ್ರಯತ್ನಿಸುವುದೇ ಅಪರಾಧವಾಗಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು ಅಂದಿತು. 2024ರಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆ ಆ ಹಳೆಯ ಅಪರಾಧವನ್ನು ಕೈಬಿಟ್ಟಿತು. ಸರ್ಕಾರಿ ನೌಕರರ ಮೇಲೆ ಒತ್ತಡ ಹೇರಲು ಮಾಡಿದರೆ ಮಾತ್ರ ಶಿಕ್ಷೆ. ಕಾನೂನು ಬದಲಾಯಿತು, ಚೀಟಿ ನಿಲ್ಲಲಿಲ್ಲ. ಯಾರಾದರೂ ಬಲವಂತವಾಗಿ ಕುಡಿಸಿದ್ದರೆ? ವರದಕ್ಷಿಣೆ ಕಿರುಕುಳ ಇದ್ದರೆ? ಅದು ಗೊತ್ತಾಗಬೇಕಲ್ಲ ಅನ್ನುವ ವಾದ ಸುಳ್ಳಲ್ಲ. ಆದರೆ ಆ ಚೀಟಿಯ ಪ್ರಯಾಣ ನೋಡಿ. ಆಸ್ಪತ್ರೆಯಿಂದ ಠಾಣೆಗೆ, ಠಾಣೆಯಿಂದ ಸ್ಥಳೀಯ ವರದಿಗಾರರಿಗೆ, ಅಲ್ಲಿಂದ ‘ಜೀವನದಲ್ಲಿ ಜಿಗುಪ್ಸೆಗೊಂಡು’ ಅಂತ ಶುರುವಾಗುವ ಸುದ್ದಿಗೆ. ಹೆಸರು, ವಯಸ್ಸು, ಊರು, ಕೆಲವೊಮ್ಮೆ ಫೋಟೊ. ಐಸಿಯುನಲ್ಲಿ ಮಲಗಿದ ಹುಡುಗ ಕಣ್ಣು ಬಿಡುವ ಮೊದಲೇ ಅವನ ಸುದ್ದಿ ಊರಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಓಡಾಡುತ್ತಿರುತ್ತದೆ. ಅದಕ್ಕೇ ಮನೆಯವರು ‘ಕೆಮ್ಮಿನ ಔಷಧಿ ಅಂತ ತಪ್ಪಿ ಕುಡಿದ’ ಅಂತ ಬರೆಸುತ್ತಾರೆ. ಹಾಗೆ ಬರೆಸಿದ ಮೇಲೆ ಅವನನ್ನು ಮನೋವೈದ್ಯರ ಹತ್ತಿರ ಯಾರು ಕಳಿಸುತ್ತಾರೆ? ನಿಜವಾದ ನಷ್ಟ ಅಲ್ಲಿ ಆಗುತ್ತದೆ.

ಮನೋವೈದ್ಯರ ಕೋಣೆಯೊಳಗಿನ ಮಾತಿಗೆ ಅದೇ 2017ರ ಕಾಯ್ದೆಯ 23ನೇ ಸೆಕ್ಷನ್ ಗಟ್ಟಿ ರಕ್ಷಣೆ ಕೊಡುತ್ತದೆ. ಬೇರೆಯವರ ಮೇಲೆ ಹಿಂಸೆ ನಡೆಯದಂತೆ ತಡೆಯಲು, ಜೀವ ಉಳಿಸಲು ಮಾತ್ರ ಹೇಳಬಹುದು, ಅದೂ ಅದಕ್ಕೆ ಬೇಕಾದಷ್ಟೇ. ಮತ್ತೆ ಕೋರ್ಟ್ ಆದೇಶದಂಥ ಕೆಲವು ಸಂದರ್ಭಗಳು ಇವೆ. ‘ಅವನನ್ನ ಕೊಂದುಬಿಡ್ತೀನಿ’ ಅಂತ ರೋಗಿ ಹೇಳಿದರೆ ಏನು ಮಾಡಬೇಕು? ಈ ಪ್ರಶ್ನೆಗೆ ಜಗತ್ತೆಲ್ಲ ಓದುವ ಕೇಸು ಅಮೆರಿಕದ ತರಾಸಾಫ್ ಪ್ರಕರಣ. 1969ರಲ್ಲಿ ಬರ್ಕ್ಲಿಯಲ್ಲಿ ಓದುತ್ತಿದ್ದ ವಿದ್ಯಾರ್ಥಿಯೊಬ್ಬ, ಅವನು ಭಾರತದಿಂದ ಹೋದವನು, ತಾನು ಇಷ್ಟಪಟ್ಟ ಹುಡುಗಿಯನ್ನು ಕೊಲ್ಲುವುದಾಗಿ ಮನೋಚಿಕಿತ್ಸಕರ ಹತ್ತಿರ ಹೇಳಿದ್ದ. ಚಿಕಿತ್ಸಕರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ಅವನನ್ನು ಹಿಡಿದು, ಮಾತಾಡಿಸಿ ಬಿಟ್ಟರು. ಹುಡುಗಿಗೆ ಮಾತ್ರ ಯಾರೂ ಹೇಳಲಿಲ್ಲ. ಅವಳು ಕೊಲೆಯಾದಳು. ಅಪಾಯದಲ್ಲಿರುವವರನ್ನು ಕಾಪಾಡುವ ಹೊಣೆ ಚಿಕಿತ್ಸಕರಿಗೂ ಇದೆ ಅಂತ 1976ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ಗುಟ್ಟು ಒಡೆದಿದ್ದರು, ಆದರೆ ತಿಳಿಯಲೇಬೇಕಾದವಳಿಗೆ ಬಿಟ್ಟು ಬೇರೆಯವರಿಗೆ ಹೇಳಿದ್ದರು.

ಸೋಂಕು ರೋಗಗಳ ವಿಷಯಕ್ಕೆ ಬಂದರೆ ಕೋವಿಡ್ ಕಾಲವನ್ನು ನಾವಿನ್ನೂ ಮರೆತಿಲ್ಲ. 2020ರ ಮಾರ್ಚ್‌ನಲ್ಲಿ ವಿದೇಶದಿಂದ ಬಂದು ಮನೆಯಲ್ಲಿ ಕ್ವಾರಂಟೈನ್ ಆಗಿದ್ದವರ ವಿಳಾಸಗಳನ್ನೇ ನಮ್ಮ ರಾಜ್ಯ ಸರ್ಕಾರ ಆನ್‌ಲೈನ್‌ನಲ್ಲಿ ಹಾಕಿತು. ಹೆಸರಿರಲಿಲ್ಲ, ಮನೆ ನಂಬರ್ ಇತ್ತು. ಮನೆ ನಂಬರ್ ಇದ್ದಮೇಲೆ ಹೆಸರು ಯಾಕೆ ಬೇಕು? ಕೈ ಮೇಲೆ ಅಳಿಸದ ಶಾಯಿಯ ಮೊಹರು ಬಿತ್ತು. ಬುಲೆಟಿನ್‌ನಲ್ಲಿ ಹೆಸರಿನ ಬದಲು ಪಿ ನಂಬರ್ ಕೊಟ್ಟರು. ಆದರೆ ವಯಸ್ಸು, ಊರು, ಎಲ್ಲೆಲ್ಲಿ ಓಡಾಡಿದ್ದರು ಅನ್ನುವುದನ್ನು ಓದಿದರೆ ಊರಿನವರಿಗೆ ಯಾರು ಅಂತ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ಎಷ್ಟೋ ಊರುಗಳಲ್ಲಿ ಜ್ವರ ಬಂದವರು ಅದನ್ನು ಮುಚ್ಚಿಟ್ಟರು. ಮನೆ ಬಾಗಿಲಿಗೆ ಪೋಸ್ಟರ್ ಅಂಟಿಸುವುದು ಬೇಡ, ವಿಪತ್ತು ನಿರ್ವಹಣಾ ಕಾಯ್ದೆಯಡಿ ಆದೇಶ ಇದ್ದರೆ ಮಾತ್ರ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಆಗುವುದೆಲ್ಲ ಆಗಿತ್ತು. ಟಿಬಿಯನ್ನು 2012ರಿಂದ ಎಲ್ಲ ಡಾಕ್ಟರುಗಳೂ ಸರ್ಕಾರಕ್ಕೆ ತಿಳಿಸಲೇಬೇಕು. ಅದು ಸರಿ, ಸರ್ಕಾರಕ್ಕೆ ಗೊತ್ತಾಗಲಿ. ಬೀದಿಗೆ ಗೊತ್ತಾಗುವುದು ಬೇಡ.

ಇಷ್ಟು ಹೊತ್ತು ಕಾನೂನಿನ ಮಾತಾಯಿತು. ಆದರೆ ನಮ್ಮಲ್ಲಿ ಅತಿ ಜಾಸ್ತಿ ನಡೆಯುವ ಗುಟ್ಟಿನ ಬಯಲು ಯಾವ ಕೇಸಿನಲ್ಲೂ ಬರುವುದಿಲ್ಲ. ಅದು ಮನೆಯವರ ಮುಂದೆ ನಡೆಯುವಂಥದ್ದು. ಅದನ್ನು ನಾವು ತಪ್ಪು ಅಂತಲೇ ಎಣಿಸುವುದಿಲ್ಲ.

ನಮ್ಮ ದೊಡ್ಡಪ್ಪ ಸರ್ಕಾರಿ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಊಟ ಸೇರುತ್ತಿಲ್ಲ ಅಂತ ಆಸ್ಪತ್ರೆಗೆ ಸೇರಿಸಿದ್ದೆವು. ಮೂರನೇ ದಿನ ಡಾಕ್ಟರ್ ವಾರ್ಡಿನ ಬಾಗಿಲಿಗೆ ಬಂದು ‘ಪೇಷೆಂಟ್ ಕಡೆಯವರು ಯಾರು?’ ಅಂದರು. ನಾವು ನಾಲ್ಕು ಜನ ಎದ್ದೆವು. ಕಾರಿಡಾರಿನಲ್ಲಿ, ನೀರಿನ ಡ್ರಮ್ಮಿನ ಪಕ್ಕ ನಿಲ್ಲಿಸಿಕೊಂಡು, ಸ್ಕ್ಯಾನ್ ಕವರನ್ನು ಕಂಕುಳಲ್ಲಿ ಇಟ್ಟುಕೊಂಡು ಹೇಳಿದರು. ಹೊಟ್ಟೆಯ ಕ್ಯಾನ್ಸರ್, ಈಗಾಗಲೇ ಹರಡಿದೆ ಅಂತ. ‘ಅವರಿಗೆ ಹೇಳಬೇಡಿ, ಕುಗ್ಗಿಹೋಗ್ತಾರೆ’ ಅಂತ ನಾವೇ ಕೈ ಮುಗಿದೆವು. ಅವರು ತಲೆಯಾಡಿಸಿದರು. ಒಳಗೆ ಹೋಗಿ ‘ಗ್ಯಾಸ್ಟ್ರಿಕ್ ಜಾಸ್ತಿ ಆಗಿದೆ ದೊಡ್ಡಪ್ಪ’ ಅಂತ ಹೇಳಿದವಳು ನಾನೇ.

ನಾಲ್ಕು ತಿಂಗಳು ಆ ಗ್ಯಾಸ್ಟ್ರಿಕ್ ನಡೆಯಿತು. ಒಂದು ಸಂಜೆ ಎಳನೀರು ಕುಡಿಸುತ್ತಿದ್ದೆ. ಲೋಟ ಕೆಳಗಿಟ್ಟು ಕೇಳಿದರು. ‘ನನ್ನ ಕಾಯಿಲೆ ಹೆಸರು ನಿಮಗೆಲ್ಲ ಗೊತ್ತು. ನನಗೊಬ್ಬನಿಗೇ ಗೊತ್ತಿಲ್ಲ. ಅಲ್ವೇನೇ?’ ನನಗೆ ಮಾತು ಹೊರಡಲಿಲ್ಲ. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ‘ಪೋಸ್ಟಾಫೀಸಿನ ದುಡ್ಡು ನಿಮ್ಮ ದೊಡ್ಡಮ್ಮನ ಹೆಸರಿಗೆ ಮಾಡಬೇಕಿತ್ತು. ಓಡಾಡೋ ಶಕ್ತಿ ಇದ್ದಾಗ ಹೇಳಿದ್ರೆ ಮಾಡ್ತಿದ್ದೆ’ ಅಂದರು. ಅಷ್ಟೇ.

ಡಾಕ್ಟರ್ ನಿಯಮ ಮುರಿದರಾ? 2002ರ ನಿಯಮದಲ್ಲೇ, ರೋಗದ ಸ್ಥಿತಿ ರೋಗಿಗೆ, ಸಂಬಂಧಿಕರಿಗೆ ಅಥವಾ ಜವಾಬ್ದಾರಿ ಇರುವ ಸ್ನೇಹಿತರಿಗೆ, ರೋಗಿ ಮತ್ತು ಮನೆಯವರ ಒಳಿತಿಗೆ ಬೇಕಾದಷ್ಟು ತಿಳಿದಿರಬೇಕು ಅನ್ನುವ ಮಾತಿದೆ. ಆ ‘ಅಥವಾ’ದೊಳಗೆ ನಮ್ಮ ಇಡೀ ಕಾರಿಡಾರ್ ಹಿಡಿಸುತ್ತದೆ. ಚರಕ ಸಂಹಿತೆಯಲ್ಲೂ, ಗುಟ್ಟು ಕಾಯಬೇಕು ಅನ್ನುವ ಮಾತಿನ ಜೊತೆಯಲ್ಲೇ, ಆಯಸ್ಸು ಮುಗಿಯುತ್ತಿದೆ ಅಂತ ಗೊತ್ತಿದ್ದರೂ, ಹೇಳಿದರೆ ರೋಗಿಗೋ ಬೇರೆಯವರಿಗೋ ಘಾತವಾಗುವ ಕಡೆ ಹೇಳಬಾರದು ಅಂತ ಇದೆ. ಹಾಗಾಗಿ ಮುಚ್ಚಿಡುವುದಕ್ಕೆ ನಮ್ಮಲ್ಲಿ ಹಳೆಯ ಬೇರಿದೆ, ಅದರ ಹಿಂದೆ ಪ್ರೀತಿಯೂ ಇದೆ. ಚಾಕರಿ ಮಾಡುವವರು, ದುಡ್ಡು ಕಟ್ಟುವವರು ಮನೆಯವರೇ. ಅವರಿಗೆ ಗೊತ್ತಾಗಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಕಾಯಿಲೆ ಯಾರದೋ ಅವರನ್ನು ಒಂದು ಮಾತು ಕೇಳಬಹುದಿತ್ತು. ‘ರಿಪೋರ್ಟ್ ಬಂದ ಮೇಲೆ ನಿಮಗೇ ಹೇಳಲಾ, ಮನೆಯವರಿಗೆ ಹೇಳಲಾ?’ ದೊಡ್ಡಪ್ಪ ‘ಮಕ್ಕಳಿಗೇ ಹೇಳಿ’ ಅಂದಿದ್ದರೂ ಅನ್ನುತ್ತಿದ್ದರೇನೋ. ಆಗ ಅದು ಅವರ ತೀರ್ಮಾನ ಆಗುತ್ತಿತ್ತು.

ಈಗ ಕಾರಿಡಾರಿನ ಜೊತೆಗೆ ಮೊಬೈಲೂ ಸೇರಿಕೊಂಡಿದೆ. ಕಿರಿಯ ಡಾಕ್ಟರ್ ಎಕ್ಸ್‌ರೇ ಫೋಟೊ ತೆಗೆದು ಹಿರಿಯರಿಗೆ ಕಳಿಸುತ್ತಾರೆ. ರಾತ್ರಿ ಎರಡು ಗಂಟೆಗೆ ಅದರಿಂದ ಜೀವವೇ ಉಳಿಯಬಹುದು. ಫಿಲ್ಮಿನ ಮೂಲೆಯಲ್ಲಿ ಮಾತ್ರ ರೋಗಿಯ ಹೆಸರು, ವಯಸ್ಸು ಹಾಗೇ ಇರುತ್ತದೆ. ಆ ಮೂಲೆಯನ್ನು ಕತ್ತರಿಸಿ ಕಳಿಸಲು ಐದು ಸೆಕೆಂಡ್ ಸಾಕು. ಸರ್ಕಾರ ಕೊಡುವ ಆರೋಗ್ಯ ಗುರುತಿನ ಸಂಖ್ಯೆ, ಅಂದರೆ ಹದಿನಾಲ್ಕು ಅಂಕಿಯ ಆಭಾ ನಂಬರಿನಲ್ಲಿ ನಮ್ಮ ದಾಖಲೆಗಳೆಲ್ಲ ಒಂದು ಕಡೆ ಸೇರುತ್ತಿವೆ. 2023ರ ಡೇಟಾ ರಕ್ಷಣೆ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದವು. ಆದರೆ 2011ರ ಹಳೆಯ ನಿಯಮಗಳು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿ ಅಂತ ಬೇರೆಯಾಗಿ ಎಣಿಸಿದ್ದವು. ಹೊಸ ಕಾಯ್ದೆ ಹಾಗೆ ಬೇರೆ ಮಾಡಿಲ್ಲ. ಇದು ಹಿಂದೆ ಇಟ್ಟ ಹೆಜ್ಜೆ ಅಂತಲೇ ನನ್ನ ಅಭಿಪ್ರಾಯ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಕೇಸನ್ನು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪು ಬಂದ ನಂತರವೂ ನಮ್ಮ ಮೈಯೊಳಗಿನ ವಿಷಯವನ್ನು ಫೋನ್ ನಂಬರಿನ ಸಾಲಿನಲ್ಲೇ ಇಟ್ಟರೆ ಹೇಗೆ?

ಹೋದ ವರ್ಷ ಅಮ್ಮನನ್ನು ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಸಣ್ಣ ಕ್ಲಿನಿಕ್ಕು. ಅಮ್ಮನ ಸಮಸ್ಯೆಯನ್ನು ಹೇಳಲು ಎಂದಿನಂತೆ ನಾನೇ ಬಾಯಿ ತೆರೆದೆ. ಡಾಕ್ಟರ್ ನಕ್ಕು ನನ್ನನ್ನು ತಡೆದರು. ಅಮ್ಮನ ಕಡೆ ತಿರುಗಿ ಕೇಳಿದರು. ‘ಮಗಳು ಇಲ್ಲೇ ಇರಲಾ ಅಮ್ಮಾ, ಸ್ವಲ್ಪ ಹೊತ್ತು ಹೊರಗೆ ಕೂರಲಾ?’

ಅಮ್ಮನಿಗೆ ಎಪ್ಪತ್ತೊಂದು. ಈ ಪ್ರಶ್ನೆ ಅವರಿಗೆ ಯಾರೂ ಕೇಳಿರಲಿಲ್ಲ. ನನ್ನ ಮುಖ ನೋಡಿದರು. ಸೆರಗು ಸರಿ ಮಾಡಿಕೊಂಡರು. ಆಮೇಲೆ ‘ಒಂಚೂರು ಹೊರಗೆ ಕೂತಿರೇ’ ಅಂದರು.

ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಗಂಟೆ ಕೂತಿದ್ದೆ. ಬಾಗಿಲು ಮುಚ್ಚಿತ್ತು. ಒಳಗೆ ಅಮ್ಮ ಏನು ಹೇಳಿದರೋ, ಇವತ್ತಿನವರೆಗೂ ನಾನು ಕೇಳಿಲ್ಲ.